ಕಾನೂನು ಒಪ್ಪಿದರೆ ಸಾಕೇ? ಹತ್ತಿ ಹೊಲ ಕಲಿಸುವ ಮೂರು ಪಾಠ

ಅಲಂಪುರ: "ಕಾನೂನು ಪ್ರಕಾರ ನಂದೇನ್ ತಪ್ಪದ ಹೇಳ್ರಿ?" ಕಚೇರಿ, ಅಂಗಡಿ, ಆಸ್ಪತ್ರೆ ಎಲ್ಲಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಎಷ್ಟೋ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಪುಸ್ತಕ ತೆಗೆದು ನೋಡಿದರೆ ನಿಜಕ್ಕೂ ಅವರದು ತಪ್ಪಿರುವುದಿಲ್ಲ. ಆದರೂ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಏಕೆಂದರೆ ನಾವು ಕೇಳಿದ್ದು ಒಂದು ಪ್ರಶ್ನೆ, ಅವರು ಕೊಟ್ಟದ್ದು ಇನ್ನೊಂದು ಪ್ರಶ್ನೆಗೆ ಉತ್ತರ.

ಕಾನೂನು, ನೀತಿ, ವೃತ್ತಿಧರ್ಮ ಎಂಬ ಮೂರು ಪದಗಳನ್ನು ನಾವು ಒಂದರ ಜಾಗದಲ್ಲಿ ಒಂದನ್ನು ಬಳಸಿಬಿಡುತ್ತೇವೆ. ಇಂಗ್ಲಿಷಿನಲ್ಲೂ ಈ ಗೊಂದಲ ಇದೆ. 'ಎಥಿಕ್ಸ್' ಗ್ರೀಕ್ ಮೂಲದ ಪದ, 'ಮೊರಾಲಿಟಿ' ಲ್ಯಾಟಿನ್ ಮೂಲದ್ದು. ಎರಡರ ಬೇರಿನಲ್ಲೂ ನಡತೆ, ರೂಢಿ ಎಂಬ ಅರ್ಥವೇ ಇದೆ. ಆದರೆ ಕೆಲಸದ ಜಾಗದಲ್ಲಿ ಈ ಮೂರೂ ಬೇರೆ ಬೇರೆ.

ಕಾನೂನನ್ನು ಶಾಸನಸಭೆ ಮಾಡುತ್ತದೆ. ಅದು ಎಲ್ಲರಿಗೂ ಒಂದೇ, ಮುರಿದರೆ ದಂಡ ಅಥವಾ ಜೈಲು. ನೀತಿ ನಮಗೆ ಮನೆಯಿಂದ, ಊರಿನಿಂದ, ನಂಬಿಕೆಯಿಂದ, ಬದುಕಿನ ಅನುಭವದಿಂದ ಬಂದದ್ದು. ಮುರಿದರೆ ಮನಸ್ಸು ಚುಚ್ಚುತ್ತದೆ, ನಾಲ್ಕು ಜನ ಆಡಿಕೊಳ್ಳುತ್ತಾರೆ. ವೃತ್ತಿಧರ್ಮ ಎಂದರೆ ಒಂದು ಕೆಲಸವನ್ನು ಒಪ್ಪಿಕೊಂಡ ಕಾರಣಕ್ಕೇ ಹೆಗಲಿಗೆ ಬೀಳುವ ಹೊಣೆ. ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯರ ಹೊಣೆ, ಸರಿಯಾದ ಹಾಜರಿ ಬರೆಯುವುದು ಶಿಕ್ಷಕರ ಹೊಣೆ. ಈ ಹೊಣೆ ದಾರಿಹೋಕನಿಗೆ ಇಲ್ಲ.

ಇದನ್ನು ಕಣ್ಣಾರೆ ಕಾಣಲು ದೂರ ಹೋಗಬೇಕಿಲ್ಲ. ನಮ್ಮ ಜೋಗುಳಾಂಬ ಗದ್ವಾಲ ಜಿಲ್ಲೆಯ ಸೀಡ್ ಹತ್ತಿ ಹೊಲದ ಬದುವಿನ ಮೇಲೆ ನಿಂತರೆ ಸಾಕು.

ಹೂವಿನ ಹೊತ್ತೂ ಶಾಲೆಯ ಹೊತ್ತೂ ಒಂದೇ

ಸೀಡ್ ಹತ್ತಿಯೆಂದರೆ ನೂಲಿಗಾಗಿ ಬೆಳೆಯುವ ಹತ್ತಿಯಲ್ಲ, ಬೇರೆ ರೈತರು ಬಿತ್ತುವ ಹೈಬ್ರಿಡ್ ಬೀಜಕ್ಕಾಗಿ ಬೆಳೆಯುವ ಹತ್ತಿ. ದೇಶದ ಮೊದಲ ಹೈಬ್ರಿಡ್ ಹತ್ತಿ 'ಎಚ್-4' 1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಬಂತು. 1972ರಲ್ಲಿ ನಮ್ಮ ಧಾರವಾಡದಿಂದ 'ವರಲಕ್ಷ್ಮಿ' ಬಂತು. ಅಲ್ಲಿಂದ ಈ ಬೀಜದ ಬೇಸಾಯ ಬೆಳೆಯುತ್ತಾ ಹಳೆಯ ಮಹಬೂಬನಗರ ಮತ್ತು ಕರ್ನೂಲು ಜಿಲ್ಲೆಗಳಲ್ಲಿ ಬೇರೂರಿತು.

ಈ ಬೇಸಾಯದಲ್ಲಿ ಕೈಕೆಲಸವೇ ಹೆಚ್ಚು. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಹುಡುಕಿ, ಉಗುರಿನಿಂದ ಅದರ ಎಸಳು ಮತ್ತು ಗಂಡು ಭಾಗವನ್ನು ಬಿಡಿಸಿ ತೆಗೆಯಬೇಕು. ಮರುದಿನ ಬೆಳಗ್ಗೆ ಬೇರೆ ಸಾಲಿನ ಗಂಡು ಹೂವು ತಂದು ಅದಕ್ಕೆ ಪರಾಗ ತೀಡಬೇಕು. ರೈತರು ಇದನ್ನು 'ಕ್ರಾಸಿಂಗ್' ಎನ್ನುತ್ತಾರೆ. ಒಂದೊಂದೇ ಹೂವು, ಒಂದೊಂದೇ ಗಿಡ, ಎರಡು ತಿಂಗಳಿಗೂ ಮೇಲೆ ದಿನವೂ ಇದೇ ಕೆಲಸ. ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಗೇ ಹೋಗುತ್ತದೆ. ಗಿಡದ ಎತ್ತರಕ್ಕೆ ಸರಿಹೋಗುತ್ತಾರೆ, ಬೆರಳು ಸಣ್ಣವು, ಕೂಲಿಯೂ ಕಡಿಮೆ ಎಂದು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಹಚ್ಚುವುದು ರೂಢಿಯಾಯಿತು. ಹಂಗಾಮಿಗೆ ಮುಂಚೆಯೇ ತಂದೆತಾಯಿಗೆ ಮುಂಗಡ ಕೊಡುವುದೂ ನಡೆಯಿತು.

ಆಗ ಕಾನೂನು ಏನು ಹೇಳುತ್ತಿತ್ತು? 1986ರ ಬಾಲಕಾರ್ಮಿಕ ಕಾಯ್ದೆ ಪಟ್ಟಿ ಮಾಡಿದ ಕೆಲಸಗಳಿಗೆ ಮಾತ್ರ 14 ವರ್ಷದೊಳಗಿನ ಮಕ್ಕಳನ್ನು ಹಚ್ಚಬಾರದು ಎಂದಿತ್ತು. ಕಾಯ್ದೆ ಬಂದಾಗಿನ ಆ ಪಟ್ಟಿಯಲ್ಲಿ ಹತ್ತಿ ಹೂವಿನ ಕ್ರಾಸಿಂಗ್ ಇರಲಿಲ್ಲ. ಮುಂಗಡಕ್ಕೆ ಮಕ್ಕಳ ದುಡಿಮೆಯನ್ನು ಒತ್ತೆ ಇಡುವುದನ್ನು ತಡೆಯಲು 1933ರ ಒಂದು ಕಾಯ್ದೆ ಇತ್ತು. ಅದರಲ್ಲಿ ತಂದೆತಾಯಿಗೆ ಹೆಚ್ಚೆಂದರೆ 50 ರೂಪಾಯಿ, ಕೆಲಸ ಕೊಟ್ಟವರಿಗೆ ಹೆಚ್ಚೆಂದರೆ 200 ರೂಪಾಯಿ ದಂಡ! ಹೀಗಾಗಿ "ಕಾನೂನು ಪ್ರಕಾರ ತಪ್ಪೇನು?" ಎಂದು ಕೇಳುವವರಿಗೆ ಜಾಗ ಸಿಕ್ಕಿತು.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾಗಿ, 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದಾಯಿತು. ತಪ್ಪಿದರೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಆದರೆ ಒಂದು ವಿನಾಯಿತಿ ಉಳಿಯಿತು. ಶಾಲೆಯ ಹೊತ್ತು ಮುಗಿದ ಮೇಲೆ ಇಲ್ಲವೆ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು. ಕುಟುಂಬ ಎಂದರೆ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಮಾತ್ರವಲ್ಲ, ಚಿಕ್ಕಪ್ಪ ದೊಡ್ಡಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ ದೊಡ್ಡಮ್ಮ ಕೂಡ.

ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಹತ್ತಿ ಹೂವು ಶಾಲೆ ಬಿಡುವ ತನಕ ಕಾಯುವುದಿಲ್ಲ. ಪರಾಗ ತೀಡುವ ಹೊತ್ತಿಗೇ ಶಾಲೆಯ ಗಂಟೆಯೂ ಬಾರಿಸುತ್ತದೆ. ಮೊಗ್ಗು ಬಿಡಿಸುವ ಕೆಲಸ ಮಧ್ಯಾಹ್ನದ ತರಗತಿ ಮುಗಿಯುವ ಮುಂಚೆಯೇ ಶುರುವಾಗುತ್ತದೆ. "ನಮ್ಮ ಮಾವನ ಹೊಲ್ರೀ, ಸಾಲಿ ಬಿಟ್ಟ ಮ್ಯಾಲೆ ಬಂದಾಳ" ಎಂಬ ಮಾತನ್ನು ಅಧಿಕಾರಿ ನಂಬಬಹುದು, ಹೂವಿನ ಲೆಕ್ಕ ಬಲ್ಲ ಯಾರೂ ನಂಬಲಾರರು.

ಕಾನೂನಿಗಿಂತ ಮುಂಚೆ ಬಂದ ಹೊಣೆ

ಇಲ್ಲಿ ವೃತ್ತಿಧರ್ಮದ ಮಾತು ಬರುತ್ತದೆ. ಬೀಜ ಕಂಪನಿಯ ಕೃಷಿ ಪದವೀಧರರು ಹಂಗಾಮಿನಲ್ಲಿ ಹೊಲಕ್ಕೆ ಮತ್ತೆ ಮತ್ತೆ ಬರುತ್ತಾರೆ. ಬೆರಕೆ ಗಿಡ ಇದೆಯೇ, ಕ್ರಾಸಿಂಗ್ ಸರಿ ನಡೆದಿದೆಯೇ ಎಂದು ಸಾಲುಸಾಲು ನೋಡುತ್ತಾರೆ. ಸಾಲಿನಲ್ಲಿ ನಿಂತ ಮಕ್ಕಳೂ ಅವರ ಕಣ್ಣಿಗೆ ಬೀಳಲೇಬೇಕು. ಆದರೆ ಕಂಪನಿಯ ಕರಾರು ಆರ್ಗನೈಸರ್ ಜೊತೆ, ಆರ್ಗನೈಸರ್ ಕರಾರು ರೈತನ ಜೊತೆ, ಕೂಲಿ ಹಚ್ಚಿದ್ದು ರೈತ. ಹೀಗಾಗಿ ಕಾನೂನಿನ ಕಣ್ಣಿಗೆ ಕಂಪನಿ ದೂರವೇ ಉಳಿಯಿತು.

2003ರಲ್ಲಿ ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಅವರ ವರದಿ ಈ ಹೊಲಗಳ ಮಕ್ಕಳಿಗೂ ದೊಡ್ಡ ದೊಡ್ಡ ಬೀಜ ಕಂಪನಿಗಳಿಗೂ ಇರುವ ನಂಟನ್ನು ಬಯಲಿಗೆ ತಂದಿತು. ಕೊಡುವ ದರದಲ್ಲಿ ದೊಡ್ಡವರ ಕೂಲಿ ಗಿಟ್ಟುವುದಿಲ್ಲ ಎಂಬ ಮಾತೂ ಚರ್ಚೆಗೆ ಬಂತು. ಅದೇ ವರ್ಷ, ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂದು ಸಾರುತ್ತಿದ್ದ ಎಂ.ವಿ. ಫೌಂಡೇಶನ್‌ನ ಶಾಂತಾ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಕೂಗು ಜೋರಾದ ಮೇಲೆ ಕೆಲವು ಕಂಪನಿಗಳು, ಮಕ್ಕಳನ್ನು ಹಚ್ಚದ ರೈತರಿಗೆ ಹೆಚ್ಚಿನ ಹಣ ಕೊಡುವ, ಹಚ್ಚಿದವರನ್ನು ಕೈಬಿಡುವ ನಿಯಮ ತಂದವು.

ವರ್ಷಗಳನ್ನು ಗಮನಿಸಿ. ಎಲ್ಲ ಕೆಲಸಕ್ಕೂ ಅನ್ವಯಿಸುವ ಕಾನೂನು ಬಂದದ್ದು 2016ರಲ್ಲಿ. ನಮ್ಮ ಹೆಸರಿನಲ್ಲಿ ನಡೆಯುವ ಕೆಲಸಕ್ಕೆ ನಾವು ಹೊಣೆ ಎಂಬ ಮಾತು ಅದಕ್ಕಿಂತ ಹತ್ತು ವರ್ಷಕ್ಕೂ ಮುಂಚೆ ಬಂತು. 2000ದಲ್ಲಿ ಹತ್ತು ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ ಹೊಲಕ್ಕೆ ಇಳಿಸಿದ್ದು ಆಗಲೂ ತಪ್ಪೇ, ಕಾನೂನು ಬರಲು ತಡವಾಯಿತು ಅಷ್ಟೆ. ಹಾಗೆಂದು ವೃತ್ತಿಧರ್ಮ ಒಂದರಿಂದಲೇ ಎಲ್ಲ ಸರಿಹೋಗಲಿಲ್ಲ. ಅದೇ ಸಂಶೋಧಕರ 2015ರ ವರದಿಯ ಪ್ರಕಾರ, ಆಗಲೂ ದೇಶದ ಹತ್ತಿ ಬೀಜದ ಹೊಲಗಳಲ್ಲಿ 14ರೊಳಗಿನ ಸುಮಾರು 2 ಲಕ್ಷ ಮಕ್ಕಳಿದ್ದರು.

ಒಳ್ಳೆಯ ಮನಸ್ಸು, ಸುಳ್ಳು ಹಾಜರಿ

ನೀತಿ ಮತ್ತು ವೃತ್ತಿಧರ್ಮ ಒಂದೇ ಅಲ್ಲ ಎಂಬುದನ್ನು ನನಗೆ ತಿಳಿಸಿಕೊಟ್ಟವರು ಗಡಿಭಾಗದ ಹಳ್ಳಿಯೊಂದರ ಕನ್ನಡ ಮೇಷ್ಟ್ರು. ಬಹಳ ಒಳ್ಳೆಯವರು, ಮಕ್ಕಳಿಗೆ ತಮ್ಮ ಕೈಯಿಂದ ನೋಟ್‌ಬುಕ್ ಕೊಡಿಸುತ್ತಿದ್ದವರು. ಕ್ರಾಸಿಂಗ್ ದಿನಗಳಲ್ಲಿ ಖಾಲಿ ಬೆಂಚುಗಳಿದ್ದರೂ ಅವರ ರಿಜಿಸ್ಟರ್ ತುಂಬಿರುತ್ತಿತ್ತು. ಕೇಳಿದೆ. "ಗೈರು ಅಂತ ಬರದ್ರ ಮ್ಯಾಲಿನವ್ರು ಅವರಪ್ಪನ್ನ ಕರೆಸಿ ಬೈತಾರ್ರೀ ಸರ. ಮೊದಲೇ ಸಾಲದಾಗ ಮುಳುಗ್ಯಾನ. ಎರಡು ತಿಂಗಳ ಮಾತು, ಹೂ ಮುಗದ್ರ ಹುಡುಗಿ ತಾನಾ ಬರ್ತಾಳ" ಎಂದರು.

ಅವರ ಮನಸ್ಸಿನಲ್ಲಿ ಕರುಣೆಯೇ ಇತ್ತು. ಆದರೆ ಆ ರಿಜಿಸ್ಟರ್ ನೋಡಿದ ಅಧಿಕಾರಿಗೆ ಆ ಊರಿನಲ್ಲಿ ಒಂದು ಮಗುವೂ ಶಾಲೆಯ ಹೊರಗಿಲ್ಲ. ಇಲ್ಲದ ಸಮಸ್ಯೆಗೆ ಯಾರು ಪರಿಹಾರ ಹುಡುಕುತ್ತಾರೆ? ಒಂದು ಮನೆಯನ್ನು ಕಾಪಾಡಲು ಬರೆದ ಸುಳ್ಳು ಇಡೀ ಊರಿನ ಮಕ್ಕಳನ್ನು ಮರೆಮಾಡಿತು. ಮೇಷ್ಟ್ರ ಕರುಣೆಗೆ ಬೇರೆ ದಾರಿ ಇತ್ತು. ಗೈರು ಎಂದು ನಿಜ ಬರೆದು, ಆಮೇಲೆ ಆ ಮನೆಯ ಬಾಗಿಲಿಗೆ ಹೋಗಬಹುದಿತ್ತು.

ಅವರನ್ನು ದೂರುವ ಅಧಿಕಾರ ನನಗೂ ಇಲ್ಲ. ಅದೇ ಕಾಲದಲ್ಲಿ ನಾನೂ ಒಂದು ತಪ್ಪು ಮಾಡಿದೆ. ಹೊಲದಲ್ಲಿದ್ದ ಹುಡುಗಿಯೊಬ್ಬಳ ಮುಖ ಕಾಣುವ ಫೋಟೋ, ಊರಿನ ಹೆಸರು ಸಮೇತ ಪತ್ರಿಕೆಯೊಂದಕ್ಕೆ ಕಳಿಸಿದೆ. ಜಗತ್ತಿಗೆ ತಿಳಿಯಲಿ ಎಂಬುದೇ ನನ್ನ ಉದ್ದೇಶ. ಫೋಟೋ ಅಚ್ಚಾಯಿತು. ಮರುವಾರ ಹೋದಾಗ ಅವಳು ಸಿಗಲಿಲ್ಲ. "ಪೇಪರಿನ್ಯಾಗ ಬಂದ ಹುಡುಗಿ" ಎಂದು ಊರವರು ಆಡಿಕೊಂಡಿದ್ದಕ್ಕೆ, ಮುಂಗಡ ವಾಪಸು ಕೇಳಿದ್ದಕ್ಕೆ, ಮನೆಯವರು ಅವಳನ್ನು ದೂರದ ನೆಂಟರಲ್ಲಿಗೆ ಕಳಿಸಿದ್ದರು. ಶಾಲೆಗೆ ಮಾತ್ರ ಅಲ್ಲ!

ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಎಂಬ ಮಾತು ಬಾಲನ್ಯಾಯ ಕಾಯ್ದೆಗೆ ಸೇರಿದ್ದು 2006ರ ತಿದ್ದುಪಡಿಯಲ್ಲಿ. ಈಗ 2015ರ ಕಾಯ್ದೆಯ 74ನೇ ಕಲಂ ಪ್ರಕಾರ ಅದಕ್ಕೆ 6 ತಿಂಗಳವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾನು ಫೋಟೋ ಕಳಿಸಿದಾಗ ಅದು ಇರಲಿಲ್ಲ. ಕಾನೂನು ನನ್ನನ್ನು ತಡೆಯಲಿಲ್ಲ, ಮನಸ್ಸು ಒಳ್ಳೆಯದೆಂದೇ ಹೇಳಿತು. ಸೋತದ್ದು ವರದಿಗಾರನ ವೃತ್ತಿಧರ್ಮ. ಸುದ್ದಿಯಿಂದ ಯಾರಿಗೆ ಏಟು ಬೀಳುತ್ತದೆ ಎಂದು ಮೊದಲೇ ಯೋಚಿಸುವುದು ನನ್ನ ಕೆಲಸದ ಭಾಗವಾಗಿತ್ತು.

ವಕೀಲರು ಏಕೆ ಒಪ್ಪಬೇಕು?

ಇನ್ನೊಂದು ಮುಖವೂ ಇದೆ. ಮಕ್ಕಳನ್ನು ದುಡಿಸಿದ ಆರೋಪ ಹೊತ್ತವನು ವಕೀಲರ ಬಳಿ ಬಂದ ಎನ್ನಿ. ವಕೀಲರಿಗೆ ಆ ಕೆಲಸ ಕಂಡರೆ ಹೇಸಿಗೆ. ಅವನ ಕೇಸು ಹಿಡಿಯಬಹುದೇ? ಹಿಡಿಯಬಹುದು. ವಿಶೇಷ ಕಾರಣ ಇಲ್ಲದಿದ್ದರೆ ಕೇಸು ಒಪ್ಪಿಕೊಳ್ಳಬೇಕು ಎಂದೇ ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಇಂಥವರ ಪರ ಯಾರೂ ವಾದಿಸಬಾರದು ಎಂದು ವಕೀಲರ ಸಂಘಗಳು ಠರಾವು ಮಾಡುವುದು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿತು. ತಪ್ಪಿತಸ್ಥ ಯಾರು ಎಂದು ತೀರ್ಮಾನಿಸುವುದು ನ್ಯಾಯಾಲಯ, ವಕೀಲರ ಇಷ್ಟಾನಿಷ್ಟ ಅಲ್ಲ. ಇಲ್ಲಿ ಸ್ವಂತ ನೀತಿ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು.

ಆದರೆ ಅದೇ ಕೇಸಿಗಾಗಿ 12 ವರ್ಷದ ಹುಡುಗಿಗೆ 15 ಎಂದು ಬರೆದುಕೊಡಿ ಎಂದು ವೈದ್ಯರನ್ನು ಕೇಳಿದರೆ? ಅಲ್ಲಿ ಮೂರೂ ಒಟ್ಟಿಗೆ ಬೇಡ ಎನ್ನುತ್ತವೆ. ಸುಳ್ಳು ಪ್ರಮಾಣಪತ್ರ ಕೊಟ್ಟ ವೈದ್ಯರ ಹೆಸರನ್ನು ನೋಂದಣಿ ಪಟ್ಟಿಯಿಂದ ತೆಗೆಯಲು 2002ರ ವೈದ್ಯಕೀಯ ನಿಯಮಗಳಲ್ಲೇ ಅವಕಾಶ ಇದೆ.

ಹಾಗಾದರೆ ನಾವು ಏನು ಮಾಡಬೇಕು? ಕೆಲಸದಲ್ಲಿ ಇಕ್ಕಟ್ಟು ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಒಂದು, ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ? ಎರಡು, ಈ ಕುರ್ಚಿಯಲ್ಲಿ ಕೂತವನನ್ನು ನಂಬಿ ಬಂದವರಿಗೆ ನಾನು ಏನು ಕೊಡಬೇಕು? ಮೂರು, ಕುರ್ಚಿ ಬಿಟ್ಟು ಮನೆಗೆ ಹೋದ ಮೇಲೆ ನನ್ನ ಮಕ್ಕಳಿಗೆ ಇದನ್ನು ಹೇಳಬಲ್ಲೆನೇ? ಮೊದಲ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದ ಕೂಡಲೇ ನಾವು ಎದ್ದು ಹೋಗುತ್ತೇವೆ. ಉಳಿದ ಎರಡನ್ನು ಕೇಳುವುದೇ ಇಲ್ಲ.

ಮಳೆಗಾಲ ಬಂದರೆ ಹತ್ತಿ ಮತ್ತೆ ಹೂವಾಗುತ್ತದೆ. ಆ ದಿನಗಳಲ್ಲಿ ನಿಮ್ಮೂರಿನ ಶಾಲೆಗೆ ಒಮ್ಮೆ ಹೋಗಿ, ಬೆಂಚಿನ ಮೇಲಿರುವ ಮಕ್ಕಳನ್ನು ಎಣಿಸಿ. ಆಮೇಲೆ ರಿಜಿಸ್ಟರ್ ನೋಡಿ. ಎರಡೂ ಲೆಕ್ಕ ಸರಿಹೊಂದಿದರೆ ಆ ಮೇಷ್ಟ್ರಿಗೊಂದು ನಮಸ್ಕಾರ ಹೇಳಿ ಬನ್ನಿ.