ಕಿಂಡಿ ಎಷ್ಟು ತೆರೆಯಬೇಕು?

ಹಕ್ಕಿಯ ಚಿತ್ರ ತೆಗೆಯಹೊರಟವರು ಸಾಮಾನ್ಯವಾಗಿ ಮಸೂರದ ಕಿಂಡಿಯನ್ನು ಪೂರ್ತಿ ತೆರೆದಿಡುತ್ತಾರೆ. ಹಿನ್ನೆಲೆಯೆಲ್ಲ ಮಸುಕಾಗಿ ಹಕ್ಕಿಯೊಂದೇ ಎದ್ದು ಕಾಣುತ್ತದೆ; ನೋಡಲು ಅಂದವೇ. ಆದರೆ ಆ ಮಸುಕಿನಲ್ಲಿ ಹಕ್ಕಿಯ ಊರೂ ಅಳಿಸಿಹೋಗುತ್ತದೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ.

ಗೋವೆಯ ಝುವಾರಿನಗರವನ್ನೇ ನೋಡೋಣ. ದಾಬೋಲಿ ವಿಮಾನ ನಿಲ್ದಾಣದ ಸಮೀಪದಲ್ಲಿ, ನಮ್ಮ ಕಾಸರಗೋಡಿನ ಪದವುಗಳಂತೆಯೇ ಮುರಕಲ್ಲಿನ ನೆಲದ ಮೇಲೆ ಎದ್ದ ಊರು ಅದು. ಗೊಬ್ಬರದ ಕಾರ್ಖಾನೆ, 2004ರಲ್ಲಿ ಆರಂಭವಾದ ಬಿಟ್ಸ್ ವಿದ್ಯಾಲಯದ ಆವರಣ, ಉತ್ತರ ಕರ್ನಾಟಕದಿಂದ ದುಡಿಮೆಗೆ ಹೋದ ಅನೇಕ ಕನ್ನಡಿಗರ ಮನೆಗಳು ಅಲ್ಲಿವೆ. ಇಂಥ ಬಯಲುಗಳೇ ಟಿಟ್ಟಿಭಕ್ಕೆ ಪ್ರಿಯ. ಅದು ಗೂಡು ಕಟ್ಟುವುದಿಲ್ಲ. ಬರಿನೆಲದ ಕಲ್ಲುಗಳ ನಡುವೆ ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ನೆಲ ಕಾಣದ ಚಿತ್ರದಲ್ಲಿ ಈ ಜಾಣ್ಮೆ ಕಾಣುವುದೆಂತು?

ಈಗ ಲೆಕ್ಕಕ್ಕೆ ಬರೋಣ. ಅಪೆರ್ಚರ್ ಅಂಕೆ 4, 5.6, 8, 11 ಎಂದು ಏರಿದಂತೆ ಕಿಂಡಿ ಕಿರಿದಾಗುತ್ತದೆ, ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುತ್ತದೆ. 35 ಮಿ.ಮೀ. ಕ್ಯಾಮರಾಕ್ಕೆ 400 ಮಿ.ಮೀ. ಮಸೂರ ಹಾಕಿ, 10 ಮೀಟರ್ ದೂರದ ಹಕ್ಕಿಯನ್ನು 5.6ರಲ್ಲಿ ತೆಗೆದರೆ ಈ ಆಳ ಸುಮಾರು 21 ಸೆಂ.ಮೀ. ಟಿಟ್ಟಿಭದ ಉದ್ದವೋ ಸುಮಾರು 33 ಸೆಂ.ಮೀ. ಅದು ಪಕ್ಕಕ್ಕೆ ತಿರುಗಿ ನಿಂತರೆ ಪೂರ್ತಿ ಸ್ಪಷ್ಟ. ನಮಗೆದುರಾಗಿ ನಿಂತರೆ ಕಣ್ಣು ಸ್ಪಷ್ಟ, ಬಾಲ ಮಸುಕು. 11ಕ್ಕೆ ಏರಿಸಿದರೆ ಆಳ ಸುಮಾರು 41 ಸೆಂ.ಮೀ. ಆಗಿ, ಸುತ್ತಲಿನ ಕಲ್ಲು ಹುಲ್ಲುಗಳೂ ಒಂದಿಷ್ಟು ಚಿತ್ರಕ್ಕೆ ಬರುತ್ತವೆ.

ಇದಕ್ಕೆ ಬೆಲೆ ತೆರಬೇಕು. ಅಂಕೆಯ ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. 5.6ರಲ್ಲಿ ಸೆಕೆಂಡಿನ 1/1000 ಸಾಕಾದರೆ 11ಕ್ಕೆ 1/250 ಬೇಕು. ಅಷ್ಟರಲ್ಲಿ ಕೈ ನಡುಗೀತು, ಹಕ್ಕಿ ಹಾರೀತು. ಫಿಲ್ಮಿನ ಕಾಲದಲ್ಲಿ ಸುರುಳಿ ಮುಗಿಯುವವರೆಗೆ ಅದರ ವೇಗವೇ ಗತಿ. ಇಂದಿನ ಡಿಜಿಟಲ್ ಕ್ಯಾಮರಾದಲ್ಲಿ ಐಎಸ್‌ಒ 400ರಿಂದ 1600ಕ್ಕೆ ಏರಿಸಿ ಆ ಕೊರತೆ ತುಂಬಬಹುದು. ಚಿತ್ರ ತುಸು ಒರಟಾದೀತು, ಅಷ್ಟೆ. ಹಾರುವ ಹಕ್ಕಿಗೆ ತೆರೆದ ಕಿಂಡಿ, ನಿಂತ ಹಕ್ಕಿಗೆ ಮುಕ್ಕಾಲಿಯೂ ಕಿರುಕಿಂಡಿಯೂ ಎಂಬುದು ಒಳ್ಳೆಯ ಪಾಠ.

ಹತ್ತಿರ ಹೋದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನೂ ಬಿಡಬೇಕು. 5 ಮೀಟರಿಗೆ ಬಂದರೆ ಅದೇ 5.6ರಲ್ಲಿ ಆಳ 5 ಸೆಂ.ಮೀ.ಗೆ ಇಳಿಯುತ್ತದೆ. ಹಕ್ಕಿಗಂತೂ ಪ್ರಾಣಸಂಕಟ. ಸುಡುಬಿಸಿಲಿನಲ್ಲಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಗಳನ್ನು ತಂಪಾಗಿಡುವ ತಾಯಿ ಅದು. ನಾವು ಅದನ್ನು ಎಬ್ಬಿಸಿದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಮೊಟ್ಟೆಯಿರುವಲ್ಲಿಗೆ ಕಾಲಿಡದಿರುವುದೇ ಲೇಸು.

ಮುರಕಲ್ಲಿನ ಬಯಲುಗಳು ಗೋವೆಯಲ್ಲೂ ನಮ್ಮಲ್ಲೂ ಕಟ್ಟಡ, ಕಲ್ಲಿನ ಕ್ವಾರಿಗಳಿಗೆ ಸಲ್ಲುತ್ತಿವೆ. ಹಕ್ಕಿ ಹೇಗಿತ್ತೆಂದು ಹೇಳಲು ಪುಸ್ತಕಗಳಿವೆ; ಅದು ಎಲ್ಲಿತ್ತೆಂದು ನಾಳೆ ಹೇಳಬೇಕಾದ್ದು ನಮ್ಮ ಚಿತ್ರಗಳು. ಆದುದರಿಂದ ಅಂದಕ್ಕೊಂದು ಚಿತ್ರ ತೆಗೆದ ಮೇಲೆ, ಅಂಕೆಯನ್ನು ಎರಡು ಮೆಟ್ಟಿಲು ಏರಿಸಿ ಊರಿಗಾಗಿಯೂ ಒಂದನ್ನು ತೆಗೆದಿಡೋಣ.