ಗೆದ್ದವನಿಗೇ ಎಲ್ಲ, ಸೋತವನಿಗೆ...?

ಡ್ರಾ ಇಲ್ಲ, ಸೆಮಿಫೈನಲ್ ಇಲ್ಲ. ಇಬ್ಬರೇ ಆಟಗಾರರು, ಒಂದೇ ಪಂದ್ಯ. ಗೆದ್ದವನಿಗೆ ಇಡೀ ಹಣ, ಸೋತವನಿಗೆ ಬರಿಗೈ! ಎಪ್ಪತ್ತರ ದಶಕದಲ್ಲಿ ಅಮೆರಿಕದ ಟಿ.ವಿ. ಪ್ರೇಕ್ಷಕರನ್ನು ಹಿಡಿದು ಕೂರಿಸಿದ ಟೆನಿಸ್ ಸರಣಿಯೊಂದರ ಪ್ರಚಾರ ಇದು.

ಜೂಜಿಗೆ ಹೆಸರಾದ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್ ಎಂಬ ಐಷಾರಾಮಿ ಹೋಟೆಲ್ ಇದರ ಮುಖ್ಯ ಅಂಗಳ. 1975ರ ಫೆಬ್ರುವರಿ 2ರಂದು 22ರ ಹರೆಯದ ಜಿಮ್ಮಿ ಕಾನರ್ಸ್, 36 ವರ್ಷದ ರಾಡ್ ಲೇವರ್ ಎದುರು ಇಳಿದ. ಕಾನರ್ಸ್ ಹಿಂದಿನ ವರ್ಷವಷ್ಟೇ ಆಸ್ಟ್ರೇಲಿಯ, ವಿಂಬಲ್ಡನ್, ಅಮೆರಿಕ ಓಪನ್ ಮೂರನ್ನೂ ಗೆದ್ದವನು. ಲೇವರ್ ಒಂದೇ ವರ್ಷದಲ್ಲಿ ನಾಲ್ಕೂ ಮಹಾ ಪ್ರಶಸ್ತಿಗಳನ್ನು ಬಾಚಿದ ಸಾಧನೆಯನ್ನು 1962 ಮತ್ತು 1969ರಲ್ಲಿ, ಎರಡು ಸಲ ಮಾಡಿದ ದಿಗ್ಗಜ. ಯೌವನವೇ ಗೆದ್ದಿತು: 6-4, 6-2, 3-6, 7-5.

ಮುಂದಿನ ಎದುರಾಳಿಗಳನ್ನು ಆರಿಸಿದ್ದರಲ್ಲೂ ಜಾಣತನವಿತ್ತು. 1975ರ ಜನವರಿಯಲ್ಲಿ ಆಸ್ಟ್ರೇಲಿಯ ಓಪನ್ ಫೈನಲ್‌ನಲ್ಲಿ ಕಾನರ್ಸ್‌ನನ್ನು ಮಣಿಸಿದ್ದ ಜಾನ್ ನ್ಯೂಕೂಂಬ್ ಏಪ್ರಿಲ್‌ನಲ್ಲಿ ಬಂದ, ಸೋತ. ಅದೇ ವರ್ಷದ ಅಮೆರಿಕ ಓಪನ್ ಫೈನಲ್‌ನಲ್ಲಿ ಕಾನರ್ಸ್‌ಗೆ ಸೋಲುಣಿಸಿದ ಸ್ಪೇನಿನ ಮ್ಯಾನುಯೆಲ್ ಒರಾಂಟೆಸ್ 1976ರಲ್ಲಿ ಬಂದ. 6-2, 6-1, 6-0ರಿಂದ ಧೂಳೀಪಟವಾದ. ಅಂದರೆ ಪ್ರತಿ ಪಂದ್ಯಕ್ಕೂ ಒಂದು ಸೇಡಿನ ಕಥೆ. ಬಾಕ್ಸಿಂಗ್‌ನಿಂದ ಎರವಲು ತಂದ 'ಹೆವಿವೇಟ್' ಎಂಬ ಬಿರುದೂ ಸೇರಿತು. 1977ರ ಮಾರ್ಚ್‌ನಲ್ಲಿ ಪೋರ್ಟೊ ರಿಕೊ ದ್ವೀಪದ ರೆಸಾರ್ಟ್ ಹೋಟೆಲೊಂದರಲ್ಲಿ ರುಮೇನಿಯದ ಇಲಿ ನಸ್ಟಾಸೆ ಕೂಡ ಕಾನರ್ಸ್‌ಗೆ ಶರಣಾದ.

ಸರಣಿ ಅಲ್ಲಿಗೇ ನಿಂತಿತು. ಏಕೆಂದರೆ ಅದೇ ವರ್ಷ ಗುಟ್ಟು ರಟ್ಟಾಯಿತು. ಸೋತವರಿಗೂ ದೊಡ್ಡ ಮೊತ್ತ ಕೊಡುವುದಾಗಿ ಮೊದಲೇ ಒಪ್ಪಂದವಾಗಿತ್ತು! ಪಂದ್ಯಗಳನ್ನು ಪ್ರಸಾರ ಮಾಡಿದ ಸಿ.ಬಿ.ಎಸ್. ವಾಹಿನಿ ಪ್ರೇಕ್ಷಕರನ್ನು ದಾರಿ ತಪ್ಪಿಸಿದೆ ಎಂದು ಅಮೆರಿಕದ ಪ್ರಸಾರ ನಿಯಂತ್ರಣ ಆಯೋಗ ಛೀಮಾರಿ ಹಾಕಿತು. ವಾಹಿನಿಯ ಕ್ರೀಡಾ ವಿಭಾಗದ ಮುಖ್ಯಸ್ಥ ರಾಬರ್ಟ್ ವುಸ್ಲರ್ 1978ರಲ್ಲಿ ರಾಜೀನಾಮೆ ಕೊಟ್ಟರು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಆಯೋಗ ತಪ್ಪು ಹಿಡಿದದ್ದು ಆಟದಲ್ಲಲ್ಲ, ಜಾಹೀರಾತಿನಲ್ಲಿ. ಸೋತವರಿಗೆ ಸಂಭಾವನೆ ಕೊಡುವುದು ಅಪರಾಧವೇನೂ ಅಲ್ಲ. ಬೆವರು ಸುರಿಸಿ ಆಡಿದವನಿಗೆ ಅದು ಸಲ್ಲಬೇಕಾದದ್ದೇ. ಕೊಟ್ಟೂ ಕೊಡುವುದಿಲ್ಲ ಎಂದು ಹೇಳಿದ್ದೇ ಮೋಸ. ಲೇವರ್-ಕಾನರ್ಸ್ ಎದುರುಬದುರಾದರೆ ನೋಡಲು ಅಷ್ಟೇ ಸಾಕಿತ್ತು. ಅದಕ್ಕೆ ಸುಳ್ಳಿನ ಒಗ್ಗರಣೆ ಬೇಕಿರಲಿಲ್ಲ.

'ಭಾರಿ ಬಹುಮಾನ' ಎಂಬ ದಪ್ಪಕ್ಷರದ ಜಾಹೀರಾತು ಕಂಡಾಗ ಮಕ್ಕಳು, ಹೆತ್ತವರು ಇಬ್ಬರೂ ಕೆಳಗಿನ ಸಣ್ಣಕ್ಷರಗಳನ್ನು ಓದುವುದು ಒಳ್ಳೆಯದು.