ಮಕ್ಕಳ ಲಸಿಕೆ: ಮಾಲೀಕರ ಪಾಲಿಗೆ ಎರಡು ದಿನಗಳ ಕೂಲಿ

ಮಕ್ಕಳಿಗೆ ಲಸಿಕೆ ಹಾಕಿಸುವುದು ಸರ್ಕಾರದ ಕೆಲಸ. ಅದಕ್ಕೂ ನಮ್ಮ ವ್ಯಾಪಾರ, ಉದ್ದಿಮೆಗಳಿಗೂ ಏನು ಸಂಬಂಧ ಎಂದು ಸದಸ್ಯ ಬಾಂಧವರು ಕೇಳಬಹುದು. ಈ ಕಾರ್ಯಕ್ರಮದ ಜಮಾ-ಬಾಕಿಯನ್ನು ಪರಿಶೀಲಿಸಿದರೆ ಸಂಬಂಧ ತಾನಾಗಿ ತಿಳಿಯುತ್ತದೆ.

ಮೊದಲು ಜಮಾ ಬದಿ. 1978ರಲ್ಲಿ ಆರಂಭವಾದ ಲಸಿಕಾ ಯೋಜನೆಯು 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾಗಿ, 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು 2015-16ರಲ್ಲಿ ದೇಶದಲ್ಲಿ ಶೇಕಡಾ 62 ಇದ್ದರೆ, 2019-21ರಲ್ಲಿ 76ಕ್ಕೆ ಏರಿದರು. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು 63ರಿಂದ 84ಕ್ಕೆ ಏರಿತು.

ಇನ್ನು ಬಾಕಿ ಬದಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಮೊದಲ ಲಸಿಕೆ ಅಲ್ಲಿಯೇ ದೊರೆಯುತ್ತದೆ. ನಂತರ 6, 10, 14 ವಾರಗಳಿಗೆ ಹಾಗೂ 9 ತಿಂಗಳು ತುಂಬಿದಾಗ ತಾಯಿ ಮಗುವನ್ನು ಕರೆದೊಯ್ಯಬೇಕು. ತಪ್ಪುವುದು ಇಲ್ಲಿಯೇ. ಚಿಂಚೋಳಿಯ ತಾಂಡಾಗಳಿಂದ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಶಹಾಬಾದ, ಚಿತ್ತಾಪುರದ ಕಲ್ಲುಗಣಿಗಳಲ್ಲಿ, ಸೇಡಂ, ವಾಡಿಯ ಕಾಮಗಾರಿಗಳಲ್ಲಿ ದಿನಗೂಲಿ ಮಾಡುವ ತಾಯಿಗೆ ಲಸಿಕೆಯ ದಿನವೆಂದರೆ ಕೂಲಿ ತಪ್ಪುವ ದಿನ. ಅರ್ಧಕ್ಕೆ ನಿಂತ ಲಸಿಕೆಯಿಂದ ಗಂಟಲುಮಾರಿ, ನಾಯಿಕೆಮ್ಮು, ದಡಾರಗಳಿಂದ ಪೂರ್ಣ ರಕ್ಷಣೆ ದೊರೆಯದು.

ಲೆಕ್ಕ ಸರಳವಾಗಿದೆ. ನಾಲ್ಕು ಭೇಟಿಗಳಿಗೆ ತಲಾ ಅರ್ಧ ದಿನದಂತೆ ಒಂದು ಮಗುವಿಗೆ ಎರಡು ದಿನಗಳ ಕೂಲಿ. ಮಗು ಕಾಯಿಲೆ ಬಿದ್ದರೆ ಗೈರುಹಾಜರಿ, ಮುಂಗಡದ ಬೇಡಿಕೆ, ಸಾಲ ಇವೆಲ್ಲ ಇದಕ್ಕಿಂತ ಬಹಳ ಹೆಚ್ಚು. 2013ರ ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮವು 5 ಕೋಟಿ ರೂಪಾಯಿ ನಿವ್ವಳ ಲಾಭದಂತಹ ಮಿತಿಗಳನ್ನು ದಾಟಿದ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಪಾಲಿಶ್ ಘಟಕ, ದಾಲ್ ಮಿಲ್ಲುಗಳಲ್ಲಿ ಹೆಚ್ಚಿನವು ಅದರ ಹೊರಗಿವೆ. ಆದರೆ ಈ ಕೆಲಸಕ್ಕೆ ಕಾಯಿದೆಯ ಒತ್ತಾಯ ಬೇಕಿಲ್ಲ. ಕೊಟ್ಟ ಕೂಲಿಯು ಎಂದಿನಂತೆ ವೇತನದ ಖರ್ಚಿಗೇ ಸೇರುತ್ತದೆ.

ಮಾಲೀಕರು ಮಾಡಬೇಕಾದುದು ಮೂರು. ಕುಟುಂಬವನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ತಾಯಿ ಕಾರ್ಡು ನೋಡಿ ಮುಂದಿನ ಲಸಿಕೆಯ ದಿನಾಂಕವನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ಹೊಸದಾಗಿ ಬಂದ ಮಕ್ಕಳ ವಿಷಯವನ್ನು ಆಶಾ ಕಾರ್ಯಕರ್ತೆಗೆ ತಿಳಿಸುವುದು. ಆ ದಿನ ಕೂಲಿ ಕಡಿತವಿಲ್ಲದೆ ತಾಯಿಯನ್ನು ಕಳುಹಿಸುವುದು. ಊರು ಬದಲಾದರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಉಚಿತ. ಒಂದು ಸುತ್ತು ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು.

ವರ್ಷಾಂತ್ಯಕ್ಕೆ ಬಾಕಿ ತೀರಿಸುವುದು ವರ್ತಕರ ಧರ್ಮ. ಈ ಬಾಕಿಯೂ ನಮ್ಮ ಪುಸ್ತಕದಲ್ಲಿ ಉಳಿಯದಿರಲಿ.